ವಾಸನೆ ಜೋರಾಗಿದ್ದರೆ ಅಸಲಿ ಗಂಧವೇ? ಮೈಸೂರು ಸ್ಯಾಂಡಲ್ ಕಥೆ ಏನು ಹೇಳುತ್ತದೆ?

ಹಾವೇರಿಯ ಏಲಕ್ಕಿ ಮಾಲೆಯ ಕಂಪು ನಮಗೆಲ್ಲ ಗೊತ್ತು. ಆದರೆ ಕಾಗಿನೆಲೆಗೆ ಹೋದಾಗಲೋ, ಬ್ಯಾಡಗಿ, ರಾಣೆಬೆನ್ನೂರಿನ ಸಂತೆಯಲ್ಲೋ 50 ರೂಪಾಯಿಗೆ ಯಾರಾದರೂ 'ಶುದ್ಧ ಶ್ರೀಗಂಧದ ಅತ್ತರು' ಕೊಟ್ಟರೆ ನಂಬಬಹುದೇ? ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗೋಣ.

ಯುದ್ಧದಿಂದ ಹುಟ್ಟಿದ ಪರಿಮಳ

ಮೈಸೂರು ಸಂಸ್ಥಾನದ ಶ್ರೀಗಂಧ ಮೊದಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಅಲ್ಲಿಯವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ರಫ್ತು ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಇಲ್ಲೇ ಗಂಧದೆಣ್ಣೆ ತಯಾರಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿಗೆ ಹದವಾದ ಪರಿಮಳ ಕೂಡಿಸಿದರು. ಹೀಗೆ ದುಬಾರಿ ಗಂಧ ಸಾಮಾನ್ಯರ ಬಚ್ಚಲುಮನೆಗೂ ಬಂತು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಗುರುತಾಯಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ನಿಗಮವಾಯಿತು. ಅದು ಇಂದಿಗೂ ರಾಜ್ಯ ಸರ್ಕಾರದ್ದೇ. 2006ರಲ್ಲಿ ಸಾಬೂನಿಗೆ ಜಿಐ ಮಾನ್ಯತೆಯೂ ಸಿಕ್ಕಿತು.

ಹಾಗಾದರೆ ಅಗ್ಗದ ಅತ್ತರು?

ಲೆಕ್ಕ ಸರಳ. ಶುದ್ಧ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿಗೂ ಹೆಚ್ಚು. ಅಂದರೆ 10 ಮಿಲಿ ಸೀಸೆಯೊಳಗಿನ ಎಣ್ಣೆಗೇ ಸುಮಾರು ಸಾವಿರ ರೂಪಾಯಿ ಬೇಕು. ಸಾಬೂನು ಅಗ್ಗವಾಗಿ ಸಿಗುವುದು ಅದರಲ್ಲಿ ಎಣ್ಣೆಯ ಪಾಲು ತೀರಾ ಕಡಿಮೆ ಇರುವುದರಿಂದ. ಅತ್ತರು ಪೂರ್ತಿ ಎಣ್ಣೆಯೇ ಎಂದರೆ 50 ರೂಪಾಯಿಗೆ ಸಾಧ್ಯವೇ ಇಲ್ಲ. ಅದರಲ್ಲಿರುವುದು ಕೃತಕ ಸುಗಂಧ ಮತ್ತು ಅದನ್ನು ತೆಳುವಾಗಿಸುವ ದ್ರಾವಕ.

ವಾಸನೆ ಜೋರಾಗಿದ್ದರೆ ಅಸಲಿ ಎನ್ನುವುದೂ ತಪ್ಪು. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುತ್ತದೆ. ಹಾಗಾಗಿ ಅದರ ಕಂಪು ಮೃದು, ಆದರೆ ಬಹಳ ಹೊತ್ತು ಉಳಿಯುತ್ತದೆ. ಮೂಗಿಗೆ ಥಟ್ಟನೆ ಬಡಿದು ಬೇಗ ಆರಿದರೆ ಅನುಮಾನಿಸಿ.

ನೀವು ಏನು ಮಾಡಬೇಕು?

ಕೃತಕ ಸುಗಂಧವೆಲ್ಲ ವಿಷವಲ್ಲ, ಹೆದರಬೇಡಿ. ಆದರೆ ಕೆಲವರಿಗೆ ತುರಿಕೆ, ಅಲರ್ಜಿ ಆಗಬಹುದು. ಮಕ್ಕಳಿಗೆ ಹಚ್ಚುವ ಮುನ್ನ ಎಚ್ಚರವಿರಲಿ. ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ, ಒಂದು ದಿನ ಕಾದು ನೋಡಿ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇಲ್ಲದ ಸೀಸೆ ಕೊಳ್ಳಬೇಡಿ. ಮೈಸೂರು ಸ್ಯಾಂಡಲ್ ಹೆಸರಿನ ನಕಲಿ ಸಾಬೂನು 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿದ್ದಿತ್ತು. ಆದ್ದರಿಂದ ಬಿಲ್ ಕೇಳಿ ಪಡೆಯಿರಿ.

'ಶುದ್ಧ ಗಂಧ, ಅರ್ಧ ಬೆಲೆ' ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಈ ಲೆಕ್ಕ ಹಾಕಿ.