ಬೆಲೆಯೇರಿಕೆ ಮತ್ತು ಸಹಕಾರಿ ಪತ್ತು: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಶೇಂಗಾ, ಮೆಕ್ಕೆಜೋಳ ಬೆಳೆಯುವ ಸಣ್ಣ ಹಿಡುವಳಿದಾರರಿಗೆ ಬೆಳೆಸಾಲ ಕೊಡುವುದರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ, ಅಂದರೆ ಊರಿನ ‘ಸೊಸೈಟಿ’ಗಳ ಪಾತ್ರ ದೊಡ್ಡದು. ಜಿಲ್ಲೆಯಲ್ಲಿ ಇವುಗಳ ಬೆನ್ನಿಗಿರುವುದು ಹೊಸಪೇಟೆಯಲ್ಲಿ ಕೇಂದ್ರ ಕಚೇರಿಯುಳ್ಳ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು.

ದಿನಬಳಕೆಯ ವೆಚ್ಚ ಏರಿದಾಗ ಸೊಸೈಟಿಗಳ ಸುಸ್ತಿ ಸಾಲ ಕೂಡಲೇ ಏರಬೇಕೆಂಬುದು ಸಹಜ ಊಹೆ. ವಾಸ್ತವ ಅಷ್ಟು ಸರಳವಲ್ಲ. ಸೊಸೈಟಿ ಕೊಡುವ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಸರ್ಕಾರದ ಬಡ್ಡಿ ಸಹಾಯಧನ ಕೈತಪ್ಪುತ್ತದೆ. ಹೊಸ ಸಾಲವೂ ನಿಲ್ಲುತ್ತದೆ. ಹೀಗಾಗಿ ಬೆಳೆಯ ದುಡ್ಡು ಕಿರಾಣಿ, ಆಸ್ಪತ್ರೆ, ಶಾಲಾ ಶುಲ್ಕಕ್ಕೆ ಕರಗಿಹೋದ ರೈತ ಕೈಗಡ ತಂದು ಹಳೆಯ ಸಾಲ ತೀರಿಸುತ್ತಾನೆ, ಹೊಸದು ಮಂಜೂರಾದೊಡನೆ ಕೈಗಡ ಹಿಂದಿರುಗಿಸುತ್ತಾನೆ. ತಿಂಗಳಿಗೆ ನೂರಕ್ಕೆ ಮೂರರಂತೆ 60,000 ರೂಪಾಯಿ ತಂದು ಹದಿನೈದು ದಿನ ಇಟ್ಟುಕೊಂಡರೆ 900 ರೂಪಾಯಿ ತೆರಬೇಕು. ಬಡ್ಡಿಯಿಲ್ಲದ ಸಾಲಕ್ಕೆ ಕಟ್ಟಿದ ಬಡ್ಡಿ ಇದು. ಸೊಸೈಟಿಯ ಖಾತೆಯಲ್ಲಿ ಮಾತ್ರ ವಸೂಲಾತಿ ಚೊಕ್ಕಟ.

2023–24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಈ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಸಾಲದ ಮೊತ್ತವನ್ನು ನಿಗದಿ ಮಾಡುವುದು ಬೆಳೆ ಮತ್ತು ಎಕರೆಯ ಲೆಕ್ಕ. ಎರಡು ಮೂರು ಎಕರೆ ಖುಷ್ಕಿಯವನು ಹಳೆಯ ಮಿತಿಯನ್ನೇ ಮುಟ್ಟಿರುವುದಿಲ್ಲ, ಹೊಸದರಿಂದ ಅವನಿಗೆ ಆಗುವುದೇನು? ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ನಬಾರ್ಡ್ ಕರ್ನಾಟಕಕ್ಕೆ ಕೊಡುವ ರಿಯಾಯಿತಿ ಬಡ್ಡಿಯ ಮರುಹಣಕಾಸು 5,600 ಕೋಟಿಯಿಂದ 2,340 ಕೋಟಿ ರೂಪಾಯಿಗೆ ಇಳಿಯಿತು. ಸಾಲದ ಬೇಡಿಕೆ ಏರುವ ಹೊತ್ತಿಗೇ ಅಗ್ಗದ ಹಣದ ಮೂಲ ಸೊರಗಿತು.

ಬೆಳೆಗಾರನೂ ಪೇಟೆಯ ಗಿರಾಕಿಯೇ. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ತುಟ್ಟಿಯಾದಾಗ ಶೇಂಗಾ ಬೆಳೆಯುವ ಮನೆಯೂ ಅಂಗಡಿಯ ಎಣ್ಣೆ ಪ್ಯಾಕೆಟ್ಟಿಗೆ ಹೆಚ್ಚು ಹಣ ತೆರಬೇಕಾಯಿತು. ಹಡಗಲಿಯ ಮಲ್ಲಿಗೆ ಬೆಳೆಗಾರರಂತೆ ಹೂ ಬಿಡಿಸಿದ ದಿನವೇ ಕಾಸು ಕಾಣುವವರಿಗೆ ಪಿಗ್ಮಿ ಉಳಿತಾಯ ಒಗ್ಗುತ್ತದೆ; ಖರ್ಚು ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಪಿಗ್ಮಿ ಸಂಗ್ರಹಿಸುವ ಪತ್ತಿನ ಸೌಹಾರ್ದ ಸಹಕಾರಿಗಳಿಗೆ ಇದು ನೇರ ಪೆಟ್ಟು, ಏಕೆಂದರೆ ಅವು ನಿಂತಿರುವುದು ಸದಸ್ಯರ ಠೇವಣಿಯ ಮೇಲೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿ, ಬ್ಯಾಂಕುಗಳ ಠೇವಣಿ ಬಡ್ಡಿಯೂ ಮೇಲೇರಿದ ಮೇಲೆ ಠೇವಣಿದಾರರನ್ನು ಹಿಡಿದಿಟ್ಟುಕೊಳ್ಳುವುದು ಇನ್ನಷ್ಟು ದುಬಾರಿಯಾಯಿತು. ಸಹಕಾರಿ ಬ್ಯಾಂಕುಗಳ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆ ಸೌಹಾರ್ದ ಸಹಕಾರಿಗಳ ಠೇವಣಿಗಿಲ್ಲ.

ಮಹಿಳಾ ಸ್ವಸಹಾಯ ಸಂಘಗಳ ಕಷ್ಟ ಬೇರೆ ಬಗೆಯದು. ಸುಗ್ಗಿ ಮುಗಿದ ಮೇಲೆ ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿ, ತಾಂಡಾಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ವಾರದ ಸಭೆಗೆ ಅರ್ಧ ಸದಸ್ಯೆಯರಿಲ್ಲ, ಉಳಿತಾಯ ನಿಲ್ಲುತ್ತದೆ, ಒಳಸಾಲಕ್ಕೆ ನಿಧಿ ಸಾಲದು. ಆ ಜಾಗಕ್ಕೆ ಮೈಕ್ರೋಫೈನಾನ್ಸಿನ ವಾರದ ಕಂತು ಬಂದು ಕೂರುತ್ತದೆ. ಮನೆಯ ಒಟ್ಟು ಕಂತು ತಿಂಗಳ ಆದಾಯದ ಅರ್ಧ ದಾಟಬಾರದೆಂಬ ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ಆದರೆ ವರ್ಷದಲ್ಲಿ ಕೆಲವೇ ತಿಂಗಳು ಕೂಲಿ ಸಿಗುವ ಮನೆಯ ತಿಂಗಳ ಆದಾಯವೆಂದರೆ ಬರೀ ಅಂದಾಜು; ಕೈಗಡ ಆ ಲೆಕ್ಕಕ್ಕೆ ಸಿಗುವುದೂ ಅಪರೂಪ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ ಬಲವಂತದ ವಸೂಲಿಯನ್ನು ಅಪರಾಧವಾಗಿಸಿತು. ಅದರ ಕಣ್ಣಿರುವುದು ವಸೂಲಿಯ ರೀತಿಯ ಮೇಲೆ. ಸೊಸೈಟಿಯ ಗಡುವಿಗೆ ಮುನ್ನ ಕೈಗಡ ಹುಡುಕುವ ಅಗತ್ಯ ಅದರ ವ್ಯಾಪ್ತಿಯ ಹೊರಗಿನದು.