ನಿಂತ ಚಕ್ರದ ಗಾಯ

ವೇಲಚೇರಿಯ ‘ಚೇರಿ’ ನಮ್ಮ ‘ಕೇರಿ’ಯ ಒಡಹುಟ್ಟು. ಚೆನ್ನೈನ ಈ ಹಳೆಯ ಕೆರೆಯ ಊರಿಗೆ 2007ರಲ್ಲಿ ಎಂಆರ್‌ಟಿಎಸ್ ರೈಲು ಬಂತು. ಇಂದು ಅಲ್ಲಿ ಮಾಲು, ಮೇಲ್ಸೇತುವೆ, ಸಾಲುಗಟ್ಟಿದ ಕಾರುಗಳು. ಇಂಥ ರಸ್ತೆಯಲ್ಲಿ ಬೈಕೊಂದು ಅಡ್ಡ ನುಗ್ಗಿದರೆ ಚಾಲಕನ ಕಾಲು ತಾನಾಗಿ ಬ್ರೇಕ್ ತುಳಿಯುತ್ತದೆ. ಹಳೆಯ ಕಾರಾದರೆ ಚಕ್ರ ಗಕ್ಕನೆ ನಿಲ್ಲುತ್ತದೆ, ಕಾರು ಮಾತ್ರ ಜಾರುತ್ತಲೇ ಇರುತ್ತದೆ. ರಸ್ತೆಯ ಮೇಲೆ ಉಳಿಯುವ ಕಪ್ಪು ಗೆರೆ ಟೈರು ಕಳೆದುಕೊಂಡ ರಬ್ಬರು.

ಸಣ್ಣ ಕಾರಿನ ಟೈರಿನ ಸುತ್ತಳತೆ ಹೆಚ್ಚುಕಡಿಮೆ 2 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಯಾವ ಕ್ಷಣದಲ್ಲೂ ನೆಲಕ್ಕೆ ತಾಗುವುದು ಅಂಗೈಯಗಲದ ಜಾಗ ಮಾತ್ರ. ಮರುಕ್ಷಣ ಆ ಪಾಳಿ ಪಕ್ಕದ ಜಾಗದ್ದು. ಚಕ್ರ ನಿಂತಿತೋ, ಸವೆತ, ಶಾಖ ಎರಡೂ ಒಂದೇ ಅಂಗೈಯಗಲಕ್ಕೆ. ರಬ್ಬರು ಬೆಂದು, ತೇಯ್ದು, ಚಪ್ಪಟೆಯಾಗುತ್ತದೆ. ಇದೇ ಫ್ಲಾಟ್ ಸ್ಪಾಟ್. ಆಮೇಲೆ ಪ್ರತಿ ಸುತ್ತಿಗೂ ಒಂದು ‘ದಬ್’, ವೇಗ ಏರಿದರೆ ಸ್ಟೀರಿಂಗಿನಲ್ಲಿ ನಡುಕ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಹೋದ ರಬ್ಬರು ಮರಳದು. ಒಳಗಿನ ನೂಲು ಕಂಡರೆ ಟೈರು ಬದಲಿಸಲೇಬೇಕು.

ಮಳೆಗಾಲದಲ್ಲಿ ಲೆಕ್ಕ ತಿರುಗುಮುರುಗು. ಒದ್ದೆ ರಸ್ತೆಯಲ್ಲಿ ಟೈರು ಅಷ್ಟಾಗಿ ಸವೆಯದು. ಆದರೆ ಚಕ್ರ ಬೇಗ ನಿಲ್ಲುತ್ತದೆ, ಕಾರು ಇನ್ನೂ ದೂರ ಜಾರುತ್ತದೆ. ನಿಂತ ಮುಂಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಬಿಸಿಲಲ್ಲಿ ಟೈರಿಗೆ ಕುತ್ತು, ಮಳೆಯಲ್ಲಿ ಜೀವಕ್ಕೆ.

ಮದರಾಸಿಗೆ ಟೈರಿನ ನಂಟು ಹಳೆಯದು. 1946ರಲ್ಲಿ ತಿರುವೊಟ್ಟಿಯೂರಿನಲ್ಲಿ ಆಟದ ಬಲೂನು ಮಾಡಲು ಶುರುವಾದ ಸಂಸ್ಥೆಯೇ ಇಂದಿನ ಎಂಆರ್‌ಎಫ್. ಅಂಬತ್ತೂರಿನಲ್ಲಿ ಡನ್‌ಲಪ್ ಕಾರ್ಖಾನೆಯಿತ್ತು. ನಿಂತ ಚಕ್ರಕ್ಕೆ ಮೊದಲ ಮದ್ದುಗಳಲ್ಲೊಂದು ಬಂದದ್ದೂ ಇಂಗ್ಲೆಂಡಿನ ಡನ್‌ಲಪ್‌ನಿಂದಲೇ. ನೆಲಕ್ಕಿಳಿದ ವಿಮಾನದ ಚಕ್ರ ಬ್ರೇಕಿಗೆ ಸಿಕ್ಕಿ ನಿಂತರೆ ಟೈರು ಸಿಡಿಯುವ ಭಯ. ಚಕ್ರ ನಿಲ್ಲುವ ಸೂಚನೆ ಸಿಕ್ಕೊಡನೆ ಬ್ರೇಕಿನ ಒತ್ತಡ ಸಡಿಲಿಸುವ ‘ಮ್ಯಾಕ್ಸರೆಟ್’ 1950ರ ದಶಕದಲ್ಲಿ ವಿಮಾನಗಳಿಗೆ ಬಂತು. 1978ರಲ್ಲಿ ಬಾಷ್‌ನ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರಿಗೆ ಸೇರಿತು. ಅಂದಿನ ನಮ್ಮ ಅಂಬಾಸಿಡರ್ ಚಾಲಕರಿಗೆ ಕಾಲೇ ಎಬಿಎಸ್: ಒತ್ತು, ಬಿಡು, ಮತ್ತೆ ಒತ್ತು.

ಫಾರ್ಮುಲಾ ಒನ್‌ನಲ್ಲಿ 1994ರಿಂದ ಎಬಿಎಸ್ ನಿಷಿದ್ಧ. 2005ರಲ್ಲಿ ರೇಸಿನ ನಡುವೆ ಟೈರು ಬದಲಿಸುವಂತೆಯೂ ಇರಲಿಲ್ಲ. ಆ ವರ್ಷ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮುಂದಿದ್ದ ಕಿಮಿ ರೈಕೋನೆನ್ ಚಕ್ರ ಲಾಕ್ ಮಾಡಿಕೊಂಡರು. ಚಪ್ಪಟೆಯಾದ ಟೈರಿನ ನಡುಕಕ್ಕೆ ಕೊನೆಯ ಸುತ್ತಿನಲ್ಲಿ ಸಸ್ಪೆನ್ಷನ್ನೇ ಮುರಿಯಿತು. ಗೆಲುವು ಅಲೊನ್ಸೊ ಪಾಲಾಯಿತು.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳು ಇನ್ನೂ ರಸ್ತೆಯಲ್ಲಿವೆ, ಕೈ ಬದಲಾಗುತ್ತಿವೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಣ್ಣಕ್ಕಿಂತ ಮೊದಲು ಟೈರಿನ ಸುತ್ತ ಒಮ್ಮೆ ಕೈಯಾಡಿಸುವುದು ಒಳ್ಳೆಯದು.