ಕುರಿ, ಮೇಣದಬತ್ತಿ, ಲೆಕ್ಕದ ಕಡತ: ಮೊರ್‌ಬಾತ್ ಚರ್ಚಿನಲ್ಲಿ ಮತಸುಧಾರಣೆ (1520–1574)

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, ಎಕ್ಸ್‌ಮೂರ್ ಗುಡ್ಡಸೀಮೆಯ ದಕ್ಷಿಣದ ಅಂಚಿಗೆ ಮೊರ್‌ಬಾತ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿಯ ಸಂತ ಜಾರ್ಜನ ಚರ್ಚನ್ನು ನೋಡಲೆಂದೇ ದೂರದಿಂದ ಬರುವವರು ಕಡಿಮೆ. ಮೂಲ ಕಟ್ಟಡ ಮಧ್ಯಯುಗದ್ದೇ ಆದರೂ 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್ ನಡೆಸಿದ ಜೀರ್ಣೋದ್ಧಾರದ ಗುರುತು ಅದರ ಮೇಲೆ ದಟ್ಟವಾಗಿದೆ. ಹೀಗಾಗಿ ಹಳೆಯ ಚರ್ಚಿನ ಬದುಕನ್ನು ಇಲ್ಲಿ ಕಲ್ಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಕಾಗದದಲ್ಲಿ ಹುಡುಕಬೇಕು. 1520ರಿಂದ 1574ರವರೆಗೆ, ಸಾಯುವ ತನಕ, ಇಲ್ಲಿ ವಿಕಾರ್ ಆಗಿದ್ದ ಕ್ರಿಸ್ಟೋಫರ್ ಟ್ರಿಕೀ ಎಂಬ ಪಾದ್ರಿ ಚರ್ಚಿನ ವಾರ್ಡನ್‌ಗಳ ಲೆಕ್ಕವನ್ನು ತನ್ನ ಕೈಯಾರೆ ಬರೆದಿಟ್ಟ. ಎಂಟನೆಯ ಹೆನ್ರಿ, ಆರನೆಯ ಎಡ್ವರ್ಡ್, ಮೇರಿ, ಒಂದನೆಯ ಎಲಿಜಬೆತ್ ಎಂಬ ನಾಲ್ವರ ಆಳ್ವಿಕೆಯಲ್ಲಿ ದೇಶದ ಧರ್ಮ ಮತ್ತೆ ಮತ್ತೆ ಮಗುಚಿ ಬಿದ್ದ ಕಾಲವದು.

ಮೊರ್‌ಬಾತ್‌ನ ಈ ಚರ್ಚು ಇಂದು ಆಂಗ್ಲಿಕನ್ ಚರ್ಚು. ಕಟ್ಟಿದವರು ಮಾತ್ರ ರೋಮಿಗೆ ನಿಷ್ಠರಾಗಿದ್ದ ಕ್ಯಾಥೊಲಿಕರು. ಒಂದೇ ಕಟ್ಟಡ, ಒಂದೇ ಊರು, ಬಹುಮಟ್ಟಿಗೆ ಅದೇ ಕುಟುಂಬಗಳು. ಇವರ ನಡುವೆ ಒಂದು ಧರ್ಮ ಇನ್ನೊಂದಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಲೂಥರ್, ಕ್ರ್ಯಾನ್ಮರ್ ಮೊದಲಾದ ಮತಸುಧಾರಕರ ಸಿದ್ಧಾಂತಗಳಲ್ಲಿ ಅರಸುತ್ತಾರೆ. ಮೊರ್‌ಬಾತ್‌ನ ಕಡತ ತೋರಿಸುವ ದಾರಿ ಬೇರೆ. ಇಲ್ಲಿ ಮೊದಲು ಮುರಿದುಬಿದ್ದದ್ದು ಚರ್ಚಿನ ಹಣಕಾಸು. ಆ ಹಣಕಾಸಿನೊಂದಿಗೆ ಊರವರು ಚರ್ಚನ್ನು ತಮ್ಮದೆಂದು ನಡೆಸಿಕೊಂಡು ಬಂದ ಕ್ರಮವೂ ಹೋಯಿತು.

ಟ್ರಿಕೀ ಬಂದಾಗ ಊರಿನಲ್ಲಿದ್ದದ್ದು 33 ಮನೆಗಳು. ಕುರಿಸಾಕಣೆ, ಒಂದಿಷ್ಟು ಬೇಸಾಯ, ಸಿರಿವಂತರೆನ್ನಿಸಿಕೊಳ್ಳುವವರು ಯಾರೂ ಇಲ್ಲ. ಊರಿನ ಜಮೀನ್ದಾರಿಕೆ ಪಕ್ಕದ ಸಾಮರ್‌ಸೆಟ್‌ನ ಬಾರ್ಲಿಂಚ್ ಮಠದ್ದು. ಇಷ್ಟು ಬಡ ಊರಿನ ಚರ್ಚಿನೊಳಗೆ ಸಂತರ ಮೂರ್ತಿಗಳು ಹಲವಿದ್ದವು. ಮೂರ್ತಿಗಳ ಮುಂದೆ ಮೇಣದ ದೀಪ ಆರದಂತೆ ನೋಡಿಕೊಳ್ಳಬೇಕಿತ್ತು. ಅದಕ್ಕೆಂದೇ ಪ್ರತ್ಯೇಕ ನಿಧಿಗಳು: ಮಾತೆ ಮರಿಯಳದ್ದೊಂದು, ಸಂತ ಜಾರ್ಜನದ್ದೊಂದು, ಸಂತ ಆಂತೋನಿಯದ್ದೊಂದು, ಯೇಸುವಿನದ್ದೊಂದು. ಊರಿನ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ನಿಧಿ. ನಿಧಿಯೆಂದರೆ ಪೆಟ್ಟಿಗೆಯಲ್ಲಿಟ್ಟ ದುಡ್ಡಲ್ಲ, ಬಹುಪಾಲು ಕುರಿಗಳು. ಸಂತರ ಕುರಿಗಳನ್ನು ಮನೆಮನೆಗೆ ಹಂಚಿ ಮೇಯಿಸಲು ಬಿಟ್ಟಿರುತ್ತಿದ್ದರು. ಯಾರ ಹಿಂಡಿನಲ್ಲಿ ಯಾವ ಸಂತನ ಎಷ್ಟು ಕುರಿ, ಎಷ್ಟು ಉಣ್ಣೆ ಬಂತು, ಯಾವುದು ಸತ್ತಿತು ಎಂಬುದನ್ನೆಲ್ಲ ವರ್ಷಕ್ಕೊಮ್ಮೆ ಊರವರ ಮುಂದೆ ಓದಿ ಹೇಳಬೇಕು. ಜೊತೆಗೆ ಚರ್ಚಿನ ಮನೆಯಲ್ಲಿ ‘ಏಲ್’ ಎಂಬ ಬಿಯರ್ ಕಾಯಿಸಿ ಮಾರುವ ಹಬ್ಬದೂಟಗಳಿಂದಲೂ ಆದಾಯ ಬರುತ್ತಿತ್ತು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದದ್ದು ಅಧಿಕಾರ ಹಂಚಿಕೆ. ಪ್ರತಿ ನಿಧಿಗೂ ಅದನ್ನು ನೋಡಿಕೊಂಡು ಲೆಕ್ಕ ಒಪ್ಪಿಸುವ ವಾರ್ಡನ್‌ಗಳು ಬೇಕು. ಮೂವತ್ತಮೂರು ಮನೆಗಳ ಊರಿನಲ್ಲಿ ಇಷ್ಟು ಹುದ್ದೆಗಳಿದ್ದರೆ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸರದಿ ಮನೆಯಿಂದ ಮನೆಗೆ ತಿರುಗುತ್ತಿತ್ತು. ಹದಿಹರೆಯದ ಹುಡುಗಿಯರು ತಮ್ಮ ನಿಧಿಯ ಲೆಕ್ಕ ಒಪ್ಪಿಸುತ್ತಿದ್ದರು, ಹೆಂಗಸರು ಪ್ರಧಾನ ವಾರ್ಡನ್ ಆದದ್ದೂ ಉಂಟು. 1534ರ ನವೆಂಬರಿನಲ್ಲಿ ಕಳ್ಳನೊಬ್ಬ ಚರ್ಚಿಗೆ ನುಗ್ಗಿ ಪೂಜೆಯ ಪಾನಪಾತ್ರೆಯನ್ನು ಕದ್ದಾಗ ಹೊಸದಕ್ಕೆ ಹಣ ಕೂಡಿಸಿದವರು ಊರಿನ ಹುಡುಗ ಹುಡುಗಿಯರೇ. ಹಾಗೆಂದು ಅದನ್ನು ಒಗ್ಗಟ್ಟಿನ ಸುವರ್ಣಯುಗವೆಂದು ಬಣ್ಣಿಸುವುದೂ ತಪ್ಪಾದೀತು. ಚರ್ಚಿನ ಗುಮಾಸ್ತನ ಸಂಬಳವನ್ನು ಯಾರು ಎಷ್ಟು ಕೊಡಬೇಕೆಂಬ ಜಗಳ 1530ರ ದಶಕದಲ್ಲಿ ಊರನ್ನು ವರ್ಷಗಟ್ಟಲೆ ಕಾಡಿತು.

ಅದೇ ಕಳ್ಳ ಒಂದು ಬೆಳ್ಳಿ ಪಾದರಕ್ಷೆಯನ್ನೂ ಒಯ್ದಿದ್ದ. ಅದು ಸಂತ ಸಿಡ್‌ವೆಲ್‌ಳ ಮೂರ್ತಿಯದು. ಎಕ್ಸಿಟರ್ ನಗರದ ಈ ಸಂತಳ ಭಕ್ತಿಯನ್ನು ಮೊರ್‌ಬಾತ್‌ಗೆ ತಂದವನು ಟ್ರಿಕೀ. ಅವನು ನೆಲೆಗೊಳಿಸಿದ ಮೂರ್ತಿಗೆ ಊರ ಹೆಂಗಸರು ಜಪಮಾಲೆ, ಉಂಗುರ ಬಿಟ್ಟುಕೊಟ್ಟರು. ಕ್ರಮೇಣ ಹೆಣ್ಣುಮಕ್ಕಳಿಗೆ ಸಿಡ್‌ವೆಲ್ ಎಂದು ಹೆಸರಿಡುವುದೂ ಶುರುವಾಯಿತು. ಪಾದ್ರಿಯ ಇನ್ನೊಂದು ಹಂಬಲ ಮರಣಪೂಜೆಗೆ ಬೇಕಾದ ಕಪ್ಪು ಪೂಜಾವಸ್ತ್ರ. ಅದಕ್ಕಾಗಿ ತನಗೆ ಸಲ್ಲುವ ಆದಾಯದಲ್ಲೇ ಒಂದಂಶವನ್ನು ಇಪ್ಪತ್ತು ವರ್ಷ ಕೂಡಿಟ್ಟ.

ಪೆಟ್ಟು ಕಂತುಕಂತಾಗಿ ಬಿತ್ತು. ಬಾರ್ಲಿಂಚ್ ಮಠವನ್ನು ಅರಸ ಹೆನ್ರಿ ಮುಚ್ಚಿಸಿದಾಗ ಅದರ ಒಂದು ಗಾಜಿನ ಕಿಟಕಿ ಮೊರ್‌ಬಾತ್ ಚರ್ಚಿಗೆ ಬಂತು. ಊರವರಿಗೆ ಅದು ಆಗ ಲಾಭವಾಗಿಯೇ ಕಂಡಿರಬೇಕು. 1538ರ ರಾಜಾಜ್ಞೆ ಸಂತರ ಮೂರ್ತಿಗಳ ಮುಂದೆ ದೀಪ ಹಚ್ಚಬಾರದೆಂದಿತು. ದೀಪವಿಲ್ಲದ ಮೇಲೆ ದೀಪದ ಕುರಿಗೇನು ಕೆಲಸ? ಕೆಲವೇ ವರ್ಷಗಳಲ್ಲಿ ಹುಡುಗಿಯರ ನಿಧಿ ನಿಂತಿತು, ಸಣ್ಣ ನಿಧಿಗಳು ಒಂದಕ್ಕೊಂದು ಕೂಡಿಕೊಂಡವು. ಮೂರ್ತಿಗಳಿನ್ನೂ ತಮ್ಮ ಸ್ಥಾನದಲ್ಲಿದ್ದವು, ಲ್ಯಾಟಿನ್ ಪೂಜೆಯೂ ನಡೆಯುತ್ತಿತ್ತು. ಆದರೂ ಲೆಕ್ಕ ಒಪ್ಪಿಸಲು ನಿಲ್ಲುತ್ತಿದ್ದವರ ಸಂಖ್ಯೆ ಇಳಿದಿತ್ತು. ನನ್ನ ದೃಷ್ಟಿಯಲ್ಲಿ ಮೊರ್‌ಬಾತ್‌ನ ಮತಸುಧಾರಣೆ ಈ ಇಳಿಕೆಯಿಂದಲೇ ಆರಂಭವಾಗುತ್ತದೆ.

ಟ್ರಿಕೀಯ ಕಪ್ಪು ವಸ್ತ್ರ ಕೊನೆಗೂ ಕೈಸೇರಿದ್ದು 1547ರಲ್ಲಿ. ಅದೇ ವರ್ಷ ಹೆನ್ರಿ ತೀರಿಕೊಂಡ. ಬಾಲಕ ಎಡ್ವರ್ಡನ ಸರಕಾರ ಮೂರ್ತಿಗಳನ್ನು ತೆಗೆಸಿತು, ಸತ್ತವರ ಆತ್ಮಕ್ಕಾಗಿ ನಡೆಯುವ ಪೂಜೆಗಳನ್ನು ನಿಲ್ಲಿಸತೊಡಗಿತು. ಚರ್ಚಿನ ಕುರಿಗಳು ಮಾರಾಟವಾದವು, ಏಲ್ ಕೂಟಗಳು ನಿಂತವು. 1548ರಲ್ಲಿ ಪ್ರಧಾನ ವಾರ್ಡನ್ ಆಗಿದ್ದವಳು ಲೂಸಿ ಸೀಲಿ ಎಂಬ ಹೆಂಗಸು. ಹಿಂದಿನವರು ಕೂಡಿಸಿದ್ದನ್ನು ಮಾರಿದ ಲೆಕ್ಕ ಬರೆಸುವ ಸರದಿ ಅವಳದಾಯಿತು. ಉಳಿದ ಕೆಲವು ವಸ್ತ್ರ, ವಸ್ತುಗಳು ಊರವರ ಮನೆಗಳನ್ನು ಸೇರಿದವು. ಇತ್ತ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ, ಎರಾಸ್ಮಸನ ಬೈಬಲ್ ಟೀಕೆ ಎಂದು ಕೊಳ್ಳಲೇಬೇಕಾದ ಪುಸ್ತಕಗಳ ಖರ್ಚು ಏರಿತು. ಆದಾಯ ಬತ್ತಿದ ಚರ್ಚು ಸಾಲಕ್ಕೆ ಬಿತ್ತು.

ಹೊಸ ಪ್ರಾರ್ಥನಾ ಪುಸ್ತಕ ಜಾರಿಗೆ ಬಂದದ್ದು 1549ರ ಜೂನ್ 9ರಂದು. ಮರುದಿನವೇ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಹಳ್ಳಿಯ ಜನ ಹಳೆಯ ಪೂಜೆಯೇ ಬೇಕೆಂದು ಪಟ್ಟುಹಿಡಿದರು. ಕಾರ್ನ್‌ವಾಲ್‌ನವರೂ ಸೇರಿಕೊಂಡು ದಂಗೆ ಹರಡಿತು. ಜುಲೈ 2ರಿಂದ ಆಗಸ್ಟ್ 6ರವರೆಗೆ ಎಕ್ಸಿಟರ್ ನಗರಕ್ಕೆ ಮುತ್ತಿಗೆ. ಮೊರ್‌ಬಾತ್ ಆಗ ತಟಸ್ಥವಾಗಿತ್ತೆಂದು ಬಹುಕಾಲ ತಿಳಿಯಲಾಗಿತ್ತು. ಆ ಊರಿನ ವಿಕಾರ್ ಆಗಿದ್ದ ಜೆ. ಅರ್ಸ್ಕಿನ್ ಬಿನ್ನಿ ಈ ಲೆಕ್ಕಗಳನ್ನು 1904ರಲ್ಲೇ ಅಚ್ಚು ಹಾಕಿಸಿದ್ದರು. ಆದರೂ ಒಂದು ನಮೂದಿನ ಮಹತ್ವ ಹೊಳೆಯಲು ಕೇಂಬ್ರಿಜ್‌ನ ಇತಿಹಾಸಕಾರ ಏಮನ್ ಡಫಿ ಹಸ್ತಪ್ರತಿಯನ್ನು ಮರಳಿ ಓದಬೇಕಾಯಿತು. ಎಕ್ಸಿಟರ್ ಹೊರವಲಯದ ದಂಗೆಕೋರರ ಶಿಬಿರಕ್ಕೆ ಹೊರಟ ಊರಿನ ಐವರು ಯುವಕರಿಗೆ ಕೊಟ್ಟ ಹಣದ ಲೆಕ್ಕವದು. ಅರಸನ ವಿರುದ್ಧದ ದಂಗೆಗೆ ಕಳಿಸಿದವರ ಖರ್ಚನ್ನು ಉಳಿದ ಖರ್ಚುಗಳ ಸಾಲಿನಲ್ಲೇ ಸೇರಿಸಿಟ್ಟಿರುವ ದಾಖಲೆ ಎಲ್ಲಿಯಾದರೂ ಅಪರೂಪ. ಆಗಸ್ಟ್ ಮಧ್ಯದ ವೇಳೆಗೆ ದಂಗೆ ರಕ್ತದಲ್ಲಿ ಮುಳುಗಿತು. ಆ ಐವರಲ್ಲಿ ಕೆಲವರ ಹೆಸರು ಮುಂದಿನ ಪುಟಗಳಲ್ಲಿ ಕಾಣುವುದಿಲ್ಲ.

ಡಫಿಯವರ ‘ದಿ ವಾಯ್ಸಸ್ ಆಫ್ ಮೊರ್‌ಬಾತ್’ 2001ರಲ್ಲಿ ಪ್ರಕಟವಾದಾಗಿನಿಂದ ಈ ಹಳ್ಳಿ ಇಂಗ್ಲಿಷ್ ಮತಸುಧಾರಣೆಯ ಚರ್ಚೆಯ ಕೇಂದ್ರಕ್ಕೆ ಬಂದಿದೆ. ಜನ ಹಳೆಯ ಧರ್ಮದಿಂದ ಬೇಸತ್ತು ಹೊಸದನ್ನು ಬರಮಾಡಿಕೊಂಡರೆಂಬ, ಇತಿಹಾಸಕಾರ ಎ. ಜಿ. ಡಿಕನ್ಸ್ ಪರಂಪರೆಯ ವಾದಕ್ಕೆ ಮೊರ್‌ಬಾತ್ ಬಲವಾದ ಆಕ್ಷೇಪ. ಆದರೆ ಒಂದು ಎಚ್ಚರ ಬೇಕು. ವಾರ್ಡನ್‌ಗಳ ಬಾಯಿಂದ ಬಂದಂತೆ ಬರೆದಿರುವ ಈ ಲೆಕ್ಕಗಳೆಲ್ಲ ಟ್ರಿಕೀ ಒಬ್ಬನ ಬರಹ. ನಾವು ಊರಿನ ದನಿಯೆಂದು ಕೇಳಿಸಿಕೊಳ್ಳುವುದು ಎಷ್ಟೋ ಕಡೆ ಪಾದ್ರಿಯ ದನಿಯೇ ಆಗಿರಬಹುದು. ಹೊಸ ಪೂಜೆಯನ್ನು ಒಳಗೊಳಗೇ ಮೆಚ್ಚಿದ ಕುರಿಗಾಹಿಯೊಬ್ಬ ಮೊರ್‌ಬಾತ್‌ನಲ್ಲಿದ್ದಿದ್ದರೆ ಅವನ ಮೆಚ್ಚುಗೆಗೆ ಈ ಕಡತದಲ್ಲಿ ಜಾಗವಿರುತ್ತಿರಲಿಲ್ಲ.

1553ರಲ್ಲಿ ಮೇರಿ ಪಟ್ಟಕ್ಕೆ ಬಂದು ಕ್ಯಾಥೊಲಿಕ್ ಪೂಜೆ ಮರಳಿದಾಗ ಮನೆಗಳಿಂದ ವಸ್ತುಗಳು ಹೊರಬಂದವು. ಯಾರು ಯಾವುದನ್ನು ಕಾಪಾಡಿ ಹಿಂತಿರುಗಿಸಿದರೆಂದು ಟ್ರಿಕೀ ಹೆಸರು ಹಿಡಿದು ಬರೆದಿದ್ದಾನೆ. ಸಂತ ಜಾರ್ಜನ ಕಥೆಯ ರಾಜ ರಾಣಿಯರ ಮೂರ್ತಿಗಳೂ ಅವುಗಳಲ್ಲಿದ್ದವು. ಹಳೆಯ ನಿಧಿಗಳ ಜಾಲ ಮಾತ್ರ ಮೊದಲಿನಂತೆ ಎದ್ದು ನಿಲ್ಲಲಿಲ್ಲ. ಬಚ್ಚಿಟ್ಟ ಬೊಂಬೆಯನ್ನು ತಂದು ನಿಲ್ಲಿಸಬಹುದು. ಚದುರಿದ ಹಿಂಡುಗಳನ್ನು, ಹುದ್ದೆಗಳನ್ನು, ಸರದಿಗಳನ್ನು ಐದು ವರ್ಷದ ಆಳ್ವಿಕೆಯಲ್ಲಿ ಮತ್ತೆ ಕಟ್ಟಲಾಗದು.

ಎಲಿಜಬೆತ್ ಕಾಲದ ಲೆಕ್ಕ ಓದಿದರೆ ಬೇರೆಯೇ ಸಂಸ್ಥೆಯ ಕಡತ ಹಿಡಿದಂತಾಗುತ್ತದೆ. ಸಂತರ ಹೆಸರಿದ್ದ ಕಡೆ ಸೇತುವೆ ರಿಪೇರಿ, ಸೈನಿಕರ ಸಜ್ಜು, ಸರಕಾರದ ಕರಗಳು ಬಂದು ಕುಳಿತಿವೆ. ಮುದುಕ ಟ್ರಿಕೀ ಅದೇ ಚರ್ಚಿನಲ್ಲಿ ಇಂಗ್ಲಿಷ್ ಪ್ರಾರ್ಥನೆ ಓದುತ್ತ ಉಳಿದ. ಅವನನ್ನು ಗಾಳಿ ಬಂದತ್ತ ತೂರಿಕೊಂಡವನೆಂದು ತಳ್ಳಿಹಾಕುವುದು ಸುಲಭ. ಆದರೆ 1549ರ ಆ ನಮೂದನ್ನು ಬರೆದ ಕೈಗೂ ಎಲಿಜಬೆತ್ ಕಾಲದ ಸೇತುವೆ ಖರ್ಚನ್ನು ಬರೆದ ಕೈಗೂ ನಿಷ್ಠೆ ಒಂದೇ ಇತ್ತೆಂದು ನನಗನಿಸುತ್ತದೆ: ಅರಸನಿಗೂ ಅಲ್ಲ, ಬಹುಶಃ ಕೊನೆಕೊನೆಗೆ ರೋಮಿಗೂ ಅಲ್ಲ, ಆ ಮೂವತ್ತಮೂರು ಮನೆಗಳಿಗೆ.